ಬೆಳೆಗಾರರ ಗ್ರೂಪಿನಲ್ಲಿ ಗದ್ದಲ ತಗ್ಗಿಸುವ ದಾರಿ

ವಿಜಯಪುರ ಜಿಲ್ಲೆಯ ತಿಕೋಟಾ, ಬಬಲೇಶ್ವರ, ಇಂಡಿ ಭಾಗದ ದ್ರಾಕ್ಷಿ ಬೆಳೆಗಾರರ ಫೋನಿನಲ್ಲಿ ವಾಟ್ಸ್‌ಆ್ಯಪ್ ತೆರೆದರೆ ಊರಿನ ಗ್ರೂಪು, ಸೊಸೈಟಿಯ ಗ್ರೂಪು, ಔಷಧ ಅಂಗಡಿಯವರು ಕಟ್ಟಿದ ಗ್ರೂಪು, ಒಣದ್ರಾಕ್ಷಿ ದರದ ಗ್ರೂಪು, ಜೊತೆಯಲ್ಲಿ ಓದಿದವರ ಗ್ರೂಪು, ಬೀಗರ ಗ್ರೂಪು ಎಂದು ಸಾಲುಸಾಲಾಗಿ ಕಾಣಿಸುತ್ತವೆ. ಅಕ್ಟೋಬರ್ ಚಾಟ್ನಿ (ಬಳ್ಳಿ ಸವರುವ ಕೆಲಸ) ಮುಗಿದು ಚಿಗುರು ಒಡೆಯುವ ದಿನಗಳಲ್ಲಿ ಇವುಗಳ ಪೈಕಿ ಒಂದೆರಡು ಗ್ರೂಪುಗಳು ಬೆಳೆಯನ್ನೇ ಉಳಿಸಬಲ್ಲವು. ಮೋಡ ಮುಸುಕಿ ಜಿಟಿಜಿಟಿ ಮಳೆ ಹಿಡಿದಾಗ ಡೌನಿ ರೋಗ ನೋಡನೋಡುತ್ತಿದ್ದಂತೆ ಇಡೀ ಪಡಕ್ಕೆ, ಅಂದರೆ ದ್ರಾಕ್ಷಿ ತೋಟಕ್ಕೆ, ಹಬ್ಬುತ್ತದೆ. ಪಕ್ಕದ ಊರಿನಲ್ಲಿ ಅದು ಕಾಣಿಸಿಕೊಂಡ ಸುದ್ದಿ ಒಂದು ದಿನ ಮೊದಲು ತಿಳಿದರೂ ಸಿಂಪಡಣೆಗೆ ಸಮಯ ಸಿಗುತ್ತದೆ. ದುರ್ದೈವವೆಂದರೆ, ಸಂದೇಶಗಳು ರಾಶಿ ಬೀಳುವುದೂ ಮಾತಿಗೆ ಮಾತು ಬೆಳೆಯುವುದೂ ಇದೇ ದಿನಗಳಲ್ಲಿ.

ರಾಶಿ ಮತ್ತು ಜಗಳ ಬೇರೆ ಬೇರೆ ತೊಂದರೆಗಳೆಂದು ಬಹಳ ಜನ ತಿಳಿದಿದ್ದಾರೆ. ರಾಶಿ ಹೆಚ್ಚಾದರೆ ಫೋನಿನ ಸಪ್ಪಳ ಬಂದ್ ಮಾಡುತ್ತಾರೆ, ಜಗಳ ಹೆಚ್ಚಾದರೆ ಹಿರಿಯರನ್ನು ಕರೆಯುತ್ತಾರೆ. ನಾನು ನೋಡಿದ ಮಟ್ಟಿಗೆ ಹೆಚ್ಚಿನ ಜಗಳಗಳ ಬೇರು ರಾಶಿಯಲ್ಲಿಯೇ ಇರುತ್ತದೆ: ಹಿಂದಿನ ಮಾತನ್ನು ಓದಲು ಯಾರಿಗೂ ಪುರಸೊತ್ತಿಲ್ಲದ ಕಡೆ ಅರ್ಧ ಓದಿದ ಮಾತಿಗೆ ಪೂರ್ತಿ ಸಿಟ್ಟು ಬರುತ್ತದೆ. ಆದ್ದರಿಂದ ಗ್ರೂಪನ್ನು ಸರಿಪಡಿಸಬೇಕೆನ್ನುವವರು ರಾಶಿಯನ್ನು ಇಳಿಸುವುದರಿಂದ ಆರಂಭಿಸಬೇಕು.

ಜಗಳ ಹುಟ್ಟುವ ಬಗೆ

ಚಾಟ್ನಿಯ ನಂತರದ ಒಂದು ಮೋಡದ ದಿನವನ್ನು ತೆಗೆದುಕೊಳ್ಳೋಣ. ಬೆಳಿಗ್ಗೆ ಆರೂವರೆಗೆ ಒಬ್ಬ ರೈತರು ಎಲೆಯೊಂದರ ಫೋಟೋ ಹಾಕಿ, "ಅಣ್ಣಾರ, ಇದಕ್ಕ ಏನ್ ಹೊಡೀಬೇಕ್ರಿ?" ಎಂದು ಕೇಳುತ್ತಾರೆ. ಫೋಟೋದಲ್ಲಿ ಎಲೆಯ ಮೇಲ್ಭಾಗ ಮಾತ್ರ ಇದೆ. ತಳಿ ಯಾವುದು, ಚಾಟ್ನಿಯಾಗಿ ಎಷ್ಟು ದಿನವಾಯಿತು, ಹಿಂದಿನ ಸಿಂಪಡಣೆ ಯಾವುದು ಎಂಬುದಿಲ್ಲ. ಅದರ ಬೆನ್ನಿಗೇ ಹೂವಿನ ಚಿತ್ರಗಳ ಶುಭೋದಯಗಳು ಬರುತ್ತವೆ, ಮುಖಂಡರೊಬ್ಬರ ಹುಟ್ಟುಹಬ್ಬಕ್ಕೆ ಸಾಲು ಸಾಲು ಹಾರೈಕೆಗಳು ಬರುತ್ತವೆ, ಯಾರೋ ಎರಡು ವಿಡಿಯೋ ಹಾಕುತ್ತಾರೆ, ಪ್ರಶ್ನೆ ಮೇಲಕ್ಕೆ ಸರಿದು ಕಣ್ಮರೆಯಾಗುತ್ತದೆ. ಹತ್ತು ಗಂಟೆಯ ಸುಮಾರಿಗೆ ಅದನ್ನು ಹುಡುಕಿ ನೋಡಿದ ಒಬ್ಬರು ಬೂದಿ ರೋಗ ಎನ್ನುತ್ತಾರೆ, ಇನ್ನೊಬ್ಬರು ಡೌನಿ ಎನ್ನುತ್ತಾರೆ. ಮೂರನೆಯವರು ಒಂದು ಔಷಧದ ಹೆಸರನ್ನು, ಅದು ಸಿಗುವ ಅಂಗಡಿಯ ಹೆಸರಿನೊಂದಿಗೆ ಬರೆಯುತ್ತಾರೆ. ನಾಲ್ಕನೆಯವರು, "ಅಂಗಡಿಯವರು ಕಮಿಷನ್ ಎಷ್ಟ್ ಕೊಡ್ತಾರ್ರಿ?" ಎಂದು ಕೇಳಿಬಿಡುತ್ತಾರೆ. ಅಲ್ಲಿಂದ ಮುಂದೆ ಎಲೆಯ ಸುದ್ದಿ ಯಾರಿಗೂ ಬೇಡವಾಗುತ್ತದೆ. ಸಂಜೆಯ ಹೊತ್ತಿಗೆ ಇಬ್ಬರು ಗ್ರೂಪು ಬಿಟ್ಟಿರುತ್ತಾರೆ, ಕೇಳಿದವರು ಮಾತ್ರ ಉತ್ತರ ಸಿಗದೆ ಪಂಪ್ ಹೆಗಲಿಗೇರಿಸಿಕೊಂಡು ತಮಗೆ ತೋಚಿದ್ದನ್ನು ಹೊಡೆದಿರುತ್ತಾರೆ.

ಇಲ್ಲಿ ಮೊದಲಿಬ್ಬರು ಜಗಳವಾಡುವ ಕಾರಣವೇ ಇರಲಿಲ್ಲ. ಡೌನಿಯಲ್ಲಿ ಎಲೆಯ ಮೇಲ್ಭಾಗದಲ್ಲಿ ಎಣ್ಣೆ ಹಚ್ಚಿದಂತಹ ಹಳದಿ ಮಚ್ಚೆ ಕಾಣಿಸಿ, ಅದೇ ಜಾಗದ ಕೆಳಭಾಗದಲ್ಲಿ ಬಿಳಿ ಬೂಷ್ಟು ಬೆಳೆಯುತ್ತದೆ; ಬೂದಿ ರೋಗದಲ್ಲಿ ಬೂದಿ ಎರಚಿದಂತಹ ಪುಡಿ ಎಲೆಯ ಮೇಲೆಯೇ ಕಾಣುತ್ತದೆ. ಎಲೆಯನ್ನು ತಿರುವಿ ಇನ್ನೊಂದು ಫೋಟೋ ಹಾಕಿದ್ದರೆ ಚರ್ಚೆ ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಹಾಕಿ ಎಂದು ಕೇಳುವಷ್ಟು ಜಾಗವನ್ನೂ ಹಾರೈಕೆಗಳ ರಾಶಿ ಬಿಟ್ಟಿರಲಿಲ್ಲ.

ಮೊದಲು ನಿಮ್ಮ ಫೋನು

ಗ್ರೂಪನ್ನು ತಿದ್ದುವ ಅಧಿಕಾರ ಎಲ್ಲರಿಗೂ ಇರುವುದಿಲ್ಲ, ತಮ್ಮ ಫೋನನ್ನು ತಿದ್ದಿಕೊಳ್ಳುವ ಅಧಿಕಾರ ಎಲ್ಲರಿಗೂ ಇದೆ. ಒಂದು ದಿನ ಸಂಜೆ ಕುಳಿತು ಎಲ್ಲ ಗ್ರೂಪುಗಳನ್ನು ಒಂದೊಂದಾಗಿ ನೋಡಿ, ಪ್ರತಿಯೊಂದರ ಬಗ್ಗೆಯೂ ಒಂದೇ ಪ್ರಶ್ನೆ ಕೇಳಿಕೊಳ್ಳಿರಿ: ಇದರಲ್ಲಿ ಬಂದ ಸುದ್ದಿ ನನಗೆ ಒಂದು ತಾಸಿನೊಳಗೆ ತಿಳಿಯದಿದ್ದರೆ ನಷ್ಟವಾಗುತ್ತದೆಯೇ? ಕರೆಂಟಿನ ಪಾಳಿ, ಕಾಲುವೆ ನೀರು, ರೋಗದ ಎಚ್ಚರಿಕೆ ಮುಂತಾದವು ಬರುವ ಒಂದೋ ಎರಡೋ ಗ್ರೂಪುಗಳಿಗೆ ಮಾತ್ರ ಉತ್ತರ ಹೌದು ಎಂದಾಗುತ್ತದೆ. ಅವುಗಳಿಗೆ ಸಪ್ಪಳ ಇರಲಿ, ಸಾಧ್ಯವಾದರೆ ಬೇರೆಯದೇ ರಿಂಗ್ ಇಟ್ಟುಕೊಳ್ಳಿ. ಉಳಿದವನ್ನು ಮ್ಯೂಟ್ ಮಾಡಿರಿ. ವಾಟ್ಸ್‌ಆ್ಯಪ್‌ನಲ್ಲಿ 8 ತಾಸು, ಒಂದು ವಾರ ಅಥವಾ ಯಾವಾಗಲೂ ಎಂದು ಮ್ಯೂಟ್ ಮಾಡುವ ಮೂರು ಆಯ್ಕೆಗಳಿವೆ. ಕೊನೆಯದನ್ನೇ ಆರಿಸಿಕೊಳ್ಳುವುದು ಒಳ್ಳೆಯದು, ಏಕೆಂದರೆ ವಾರ ಕಳೆದ ಕೂಡಲೇ ಗದ್ದಲ ಮತ್ತೆ ಹಾಜರಾಗುತ್ತದೆ.

ಮ್ಯೂಟ್ ಮಾಡಿದರೆ ಯಾರಾದರೂ ತಮ್ಮನ್ನೇ ಕೇಳಿದ್ದು ತಪ್ಪಿಹೋದೀತೆಂದು ಕೆಲವರು ಅಂಜುತ್ತಾರೆ. ಆ ಅಂಜಿಕೆ ಬೇಡ. ನಿಮ್ಮ ಹೆಸರು ನಮೂದಿಸಿ ಬರೆದರೂ, ನಿಮ್ಮ ಸಂದೇಶಕ್ಕೆ ನೇರವಾಗಿ ಉತ್ತರಿಸಿದರೂ ಸೂಚನೆ ಬರುತ್ತದೆ. ವಾರಕ್ಕೊಮ್ಮೆ ನೋಡಿದರೆ ಸಾಕಾಗುವ ಗ್ರೂಪುಗಳನ್ನು ಆರ್ಕೈವ್‌ಗೆ (ಮುಖ್ಯ ಪಟ್ಟಿಯಿಂದ ಬದಿಗಿಡುವ ಜಾಗಕ್ಕೆ) ಹಾಕಿರಿ. 2021ರಿಂದ ಈಚೆಗೆ ಆರ್ಕೈವ್‌ನಲ್ಲಿಟ್ಟ ಗ್ರೂಪು ಹೊಸ ಸಂದೇಶ ಬಂದ ಮಾತ್ರಕ್ಕೆ ಮೇಲೆದ್ದು ಬರುವುದಿಲ್ಲ. ಫೋಟೋ, ವಿಡಿಯೋಗಳು ತಾವಾಗಿಯೇ ಇಳಿಯುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ನಿಲ್ಲಿಸಿರಿ. ತೋಟದಲ್ಲಿ ನೆಟ್‌ವರ್ಕ್ ದುರ್ಬಲವಾಗಿರುವಾಗ ಹಾರೈಕೆಯ ಚಿತ್ರಗಳು ಇಳಿದು ಮುಗಿಯುವ ತನಕ ರೋಗದ ಫೋಟೋ ತೆರೆಯದೆ ಕಾಯಬೇಕಾಗುವುದು ನಿಜಕ್ಕೂ ಸಂಕಟದ ಸಂಗತಿ.

ಬಿಡಬೇಕೆನಿಸಿದ ಗ್ರೂಪನ್ನು ಬಿಡುವುದರಲ್ಲಿ ಸಂಕೋಚವೂ ಬೇಡ. 2022ರಿಂದ ಈಚೆಗೆ ಗ್ರೂಪು ಬಿಟ್ಟ ಸೂಚನೆ ಅಡ್ಮಿನ್‌ಗಳಿಗೆ ಮಾತ್ರ ಹೋಗುತ್ತದೆ. ಉಳಿದವರಲ್ಲಿ, ಇತ್ತೀಚಿನ 60 ದಿನಗಳಲ್ಲಿ ಬಿಟ್ಟವರ ಪಟ್ಟಿಯನ್ನು ತೆರೆದು ನೋಡುವವರಿಗೆ ಅಷ್ಟೇ ಅದು ತಿಳಿಯುತ್ತದೆ. ಬೀಗರ ಗ್ರೂಪಿನಂತಹ ಕಡೆ ಬಿಡುವುದು ಮನಸ್ತಾಪಕ್ಕೆ ಕಾರಣವಾಗಬಹುದೆಂದಾದರೆ ಆರ್ಕೈವ್ ಇದ್ದೇ ಇದೆ. ನಿಮ್ಮನ್ನು ಕೇಳದೆಯೇ ಹೊಸ ಗ್ರೂಪಿಗೆ ಸೇರಿಸುವವರು ಹೆಚ್ಚಾಗಿದ್ದರೆ, ಪ್ರೈವಸಿ ಸೆಟ್ಟಿಂಗ್ಸ್‌ನಲ್ಲಿ ಗ್ರೂಪಿಗೆ ಸೇರಿಸುವ ಅವಕಾಶವನ್ನು ನಿಮ್ಮ ಸಂಪರ್ಕಪಟ್ಟಿಯಲ್ಲಿ ಇರುವವರಿಗಷ್ಟೇ ಸೀಮಿತಗೊಳಿಸಬಹುದು.

ಓದುವುದಕ್ಕೂ ಹೊತ್ತು ಗೊತ್ತುಮಾಡಿಕೊಳ್ಳಬೇಕು. ಬೆಳಿಗ್ಗೆ ತೋಟಕ್ಕೆ ಹೊರಡುವ ಮುನ್ನ ಒಮ್ಮೆ, ಮಧ್ಯಾಹ್ನದ ಊಟದ ಹೊತ್ತಿಗೆ ಒಮ್ಮೆ, ರಾತ್ರಿ ಒಮ್ಮೆ ನೋಡಿದರೆ ಬೆಳೆಗಾರರಿಗೆ ಸಾಕಾಗುತ್ತದೆ. ರಾತ್ರಿಯ ಓದಿನಲ್ಲಿ ಮಾತ್ರ ಒಂದು ಕಟ್ಟುಪಾಡು ಇರಲಿ: ದಣಿದು ಬಂದ ಹೊತ್ತಿನಲ್ಲಿ ಸಿಟ್ಟು ಬರಿಸುವ ಮಾತು ಕಂಡರೆ ಅದಕ್ಕೆ ಉತ್ತರವನ್ನು ಮರುದಿನ ಬೆಳಿಗ್ಗೆ ಬರೆಯಬೇಕು. ಹಾಗೆ ಮುಂದಕ್ಕೆ ಹಾಕಿದ ಉತ್ತರಗಳಲ್ಲಿ ಬಹುಪಾಲು ಬರೆಯುವ ಅಗತ್ಯವೇ ಉಳಿಯುವುದಿಲ್ಲ.

ಪ್ರಶ್ನೆ ಕೇಳುವ ಕ್ರಮ

ಗ್ರೂಪಿನ ಗುಣ ನಿರ್ಧಾರವಾಗುವುದು ಅದರಲ್ಲಿ ಕೇಳುವ ಪ್ರಶ್ನೆಗಳಿಂದ. ಪೂರ್ತಿ ವಿವರವಿರುವ ಪ್ರಶ್ನೆಗೆ ಎರಡೇ ಉತ್ತರಗಳಲ್ಲಿ ಪರಿಹಾರ ಸಿಗುತ್ತದೆ. ವಿವರವಿಲ್ಲದ ಪ್ರಶ್ನೆ ಇಪ್ಪತ್ತು ಮರುಪ್ರಶ್ನೆಗಳನ್ನೂ ಒಂದು ಜಗಳವನ್ನೂ ಹುಟ್ಟಿಸುತ್ತದೆ. ರೋಗದ ಬಗ್ಗೆ ಕೇಳುವವರು ಥಾಮ್ಸನ್, ಸೋನಾಕಾ, ಮಾಣಿಕ್ ಚಮನ್ ಇವುಗಳಲ್ಲಿ ತಳಿ ಯಾವುದೆಂಬುದನ್ನು, ಚಾಟ್ನಿಯಾಗಿ ಎಷ್ಟು ದಿನವಾಯಿತೆಂಬುದನ್ನು, ಕೊನೆಯ ಸಿಂಪಡಣೆಯಲ್ಲಿ ಏನನ್ನು ಯಾವ ಪ್ರಮಾಣದಲ್ಲಿ ಯಾವ ದಿನ ಹೊಡೆದರೆಂಬುದನ್ನು, ಕಳೆದ ಎರಡು ದಿನಗಳಲ್ಲಿ ಮಳೆ ಅಥವಾ ಇಬ್ಬನಿ ಬಿದ್ದಿತ್ತೇ ಎಂಬುದನ್ನು ಒಂದೇ ಸಂದೇಶದಲ್ಲಿ ಬರೆಯಬೇಕು. ಫೋಟೋಗಳು ಮೂರು ಬೇಕು: ಎಲೆಯ ಮೇಲ್ಭಾಗ, ಅದೇ ಎಲೆಯ ಕೆಳಭಾಗ, ಮತ್ತು ಸ್ವಲ್ಪ ದೂರದಿಂದ ತೆಗೆದ ಬಳ್ಳಿಯ ನೋಟ. ಮೂರನೆಯದು ಇದ್ದರೆ ರೋಗ ಒಂದು ಬಳ್ಳಿಗೆ ಬಂದಿದೆಯೋ ಸಾಲಿಗೆಲ್ಲ ಬಂದಿದೆಯೋ ಎಂಬುದು ತಿಳಿಯುತ್ತದೆ.

ಹೀಗೆ ಬರೆಯುವುದು ಓದು ಕಡಿಮೆ ಇರುವವರಿಗೆ ಕಷ್ಟವೆಂಬ ಮಾತು ನಿಜ. ಅವರಿಗೆ ವಾಯ್ಸ್ ಮೆಸೇಜ್ ಸುಲಭ, ಆದರೆ ಐದು ನಿಮಿಷದ ವಾಯ್ಸ್ ಮೆಸೇಜ್ ಕೇಳುವ ತಾಳ್ಮೆ ಉಳಿದವರಿಗಿರುವುದಿಲ್ಲ. ಮೊದಲು ತಳಿ, ಚಾಟ್ನಿಯಾದ ದಿನ, ಸಿಂಪಡಣೆ ಎಂಬ ಕ್ರಮದಲ್ಲಿಯೇ ಹೇಳಿ ಒಂದು ನಿಮಿಷದೊಳಗೆ ಮುಗಿಸಿರಿ ಎಂದು ಅವರಿಗೆ ಪ್ರೀತಿಯಿಂದ ಹೇಳಿಕೊಡಬೇಕು. ಮನೆಯಲ್ಲಿ ಹೈಸ್ಕೂಲು ಓದುವ ಮಕ್ಕಳಿದ್ದರೆ ಅವರಿಂದ ಬರೆಸುವುದು ಇನ್ನೂ ಉತ್ತಮ. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯುವ ರೂಢಿಯನ್ನು ಬಿಟ್ಟಷ್ಟೂ ಒಳ್ಳೆಯದು. ಔಷಧದ ಹೆಸರು, ಪ್ರಮಾಣಗಳ ವಿಷಯದಲ್ಲಿ ಒಂದು ಅಕ್ಷರ ಆಚೀಚೆಯಾದರೂ ಅನಾಹುತವಾಗುತ್ತದೆ. ಫೋನಿನ ಕೀಬೋರ್ಡಿನಲ್ಲಿರುವ ಮೈಕ್ ಗುರುತನ್ನು ಒತ್ತಿ ಮಾತಾಡಿದರೆ ಕನ್ನಡ ಲಿಪಿಯಲ್ಲಿಯೇ ಅಕ್ಷರಗಳು ಮೂಡುತ್ತವೆ, ಒಮ್ಮೆ ಓದಿ ತಿದ್ದಿ ಕಳಿಸಿದರಾಯಿತು.

ಉತ್ತರ ಸಿಕ್ಕಿ ಬೆಳೆ ಸುಧಾರಿಸಿದ ಮೇಲೆ ಅದನ್ನೂ ತಿಳಿಸುವುದು ಕೇಳಿದವರ ಕರ್ತವ್ಯ. "ಹೇಳಿದ್ದನ್ನು ಮಾಡಿದೆ, ನಾಲ್ಕು ದಿನಕ್ಕೆ ಹತೋಟಿಗೆ ಬಂತು" ಎಂಬ ಒಂದು ಸಾಲು ಅದೇ ಪ್ರಶ್ನೆ ಮತ್ತೆ ಮತ್ತೆ ಬರುವುದನ್ನು ತಪ್ಪಿಸುತ್ತದೆ, ಉತ್ತರಿಸಿದವರಿಗೂ ತೃಪ್ತಿ ಕೊಡುತ್ತದೆ.

ಉತ್ತರ ಕೊಡುವವರಿಗೆ

ಸಂದೇಶವನ್ನು ಬಲಕ್ಕೆ ಎಳೆದು, ಆ ಪ್ರಶ್ನೆಗೇ ತಗಲುವಂತೆ ಉತ್ತರಿಸಬೇಕು. ಇಷ್ಟು ಮಾಡಿದರೆ ಸಾಕು, ಯಾರು ಯಾರಿಗೆ ಹೇಳಿದರೆಂಬ ಗೊಂದಲದಿಂದ ಏಳುವ ಜಗಳಗಳು ನಿಂತುಹೋಗುತ್ತವೆ. ಹೇಳುತ್ತಿರುವುದು ತಮ್ಮ ಪಡದ ಅನುಭವವೋ, ಡಬ್ಬಿಯ ಮೇಲೆ ಅಚ್ಚಾದ ಸೂಚನೆಯೋ, ವಿಜ್ಞಾನಿಗಳಿಂದ ಕೇಳಿದ್ದೋ ಎಂಬುದನ್ನು ಮೊದಲ ಸಾಲಿನಲ್ಲಿಯೇ ತಿಳಿಸಬೇಕು. ಕಂಪನಿಯ ಹೆಸರಿನ ಬದಲು ಔಷಧದ ಮೂಲ ರಾಸಾಯನಿಕದ ಹೆಸರನ್ನು ಬರೆದರೆ ಕಮಿಷನ್ನಿನ ಮಾತು ಹುಟ್ಟುವುದಿಲ್ಲ, ರೈತರಿಗೂ ಯಾವ ಅಂಗಡಿಯಲ್ಲಿಯಾದರೂ ಕೊಳ್ಳುವ ಸ್ವಾತಂತ್ರ್ಯ ಉಳಿಯುತ್ತದೆ. ಕೊಯ್ಲಿಗೆ ಎಷ್ಟು ದಿನ ಮೊದಲು ಆ ಔಷಧವನ್ನು ನಿಲ್ಲಿಸಬೇಕೆಂಬುದನ್ನೂ ಸೇರಿಸಿ ಹೇಳಿರಿ. ಹಣ್ಣಿನಲ್ಲಿ ರಾಸಾಯನಿಕದ ಅವಶೇಷ ಉಳಿದರೆ ಮಾಲು ತಿರಸ್ಕಾರವಾಗುತ್ತದೆ, ಆಗ ಹೊಣೆ ಹೊರಲು ಗ್ರೂಪಿನಲ್ಲಿ ಯಾರೂ ಇರುವುದಿಲ್ಲ.

ಮತ್ತೊಬ್ಬರ ಉತ್ತರ ತಪ್ಪೆನಿಸಿದಾಗ ಆ ವ್ಯಕ್ತಿಯ ಕಡೆಗೆ ಹೋಗದೆ ಎಲೆಯ ಕಡೆಗೆ ಹೋಗಬೇಕು. "ನಿಮಗೇನ್ ಗೊತ್ತ್ರಿ?" ಎಂದು ಬರೆಯುವ ಜಾಗದಲ್ಲಿ "ಕೆಳಭಾಗದಲ್ಲಿ ಬಿಳಿ ಬೂಷ್ಟು ಕಾಣುತ್ತಿದೆ, ಹೀಗಾಗಿ ಇದು ಡೌನಿ ಇರಬೇಕೆಂದು ನನಗೆ ಅನಿಸುತ್ತದೆ" ಎಂದು ಬರೆದರೆ ಎದುರಿನವರು ಫೋಟೋ ನೋಡುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಸುಮ್ಮನಿರುವುದೂ ಗ್ರೂಪಿಗೆ ಮಾಡುವ ಉಪಕಾರವೇ. ಧನ್ಯವಾದ, ಹೌದು, ಸರಿ ಎಂಬುದಕ್ಕೆ ಹೊಸ ಸಂದೇಶದ ಅಗತ್ಯವಿಲ್ಲ, ಸಂದೇಶವನ್ನು ಒತ್ತಿಹಿಡಿದು ಕೈಮುಗಿದ ಗುರುತನ್ನು ಅಂಟಿಸಿದರೆ ಯಾರ ಫೋನೂ ತುಂಬುವುದಿಲ್ಲ.

ಅಡ್ಮಿನ್ ಮಾಡಬೇಕಾದ ಕೆಲಸ

ಅಡ್ಮಿನ್ ಎಂದರೆ ಗ್ರೂಪು ಹುಟ್ಟುಹಾಕಿದವರೆಂಬ ಗೌರವ ಮಾತ್ರವೆಂದು ತಿಳಿದವರು ಬಹಳ. ಮೊಟ್ಟಮೊದಲು ಅವರು ಗ್ರೂಪು ಯಾವ ಕೆಲಸಕ್ಕೆ ಇದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದು ಗ್ರೂಪಿನ ವಿವರಣೆಯಲ್ಲಿ ಹಾಕಬೇಕು. ರೋಗ, ಹವಾಮಾನ ಮತ್ತು ಸಿಂಪಡಣೆಯ ಗ್ರೂಪು ಎಂದು ಬರೆದಿದ್ದರೆ ಹುಟ್ಟುಹಬ್ಬದ ಹಾರೈಕೆಯನ್ನು ತೆಗೆಯುವಾಗ ಯಾರಿಗೂ ವೈಯಕ್ತಿಕವಾಗಿ ನೋವಾಗುವುದಿಲ್ಲ. ವಿವರಣೆಯಲ್ಲಿ ಹತ್ತಾರು ನಿಯಮಗಳನ್ನು ಬರೆಯುವವರಿದ್ದಾರೆ. ಅವನ್ನು ಯಾರೂ ಓದುವುದಿಲ್ಲ, ಅಡ್ಮಿನ್‌ಗೂ ನೆನಪಿರುವುದಿಲ್ಲ. ಮೂರು ನಿಯಮ ಸಾಕು, ಆದರೆ ಆ ಮೂರನ್ನು ಎಲ್ಲರಿಗೂ ಒಂದೇ ಬಗೆಯಲ್ಲಿ ಅನ್ವಯಿಸಬೇಕು. ತನ್ನ ಅಣ್ಣತಮ್ಮಂದಿರು ಹಾಕಿದ ರಾಜಕೀಯ ವಿಡಿಯೋ ಉಳಿಸಿ ಬೇರೆಯವರದನ್ನು ತೆಗೆದ ದಿನ ಅಡ್ಮಿನ್‌ನ ಮಾತಿಗೆ ಬೆಲೆ ಹೋಗುತ್ತದೆ.

ಹಾರೈಕೆಗಳನ್ನು ಸಂಪೂರ್ಣ ನಿಷೇಧಿಸುವುದಕ್ಕೆ ನನ್ನ ಒಪ್ಪಿಗೆಯಿಲ್ಲ. ಶುಭೋದಯ ಹಾಕುವ ಹಿರಿಯರಿಗೆ ಅದು ತಾನೂ ಬಳಗದಲ್ಲಿದ್ದೇನೆ ಎಂದು ಹೇಳುವ ದಾರಿ. ಅದನ್ನು ಗದರಿಸಿ ನಿಲ್ಲಿಸಿದರೆ ಅವರು ಮುಂದೆ ರೋಗದ ಬಗ್ಗೆಯೂ ಮಾತಾಡುವುದಿಲ್ಲ, ಐವತ್ತು ವರ್ಷದ ಬೇಸಾಯದ ತಿಳಿವಳಿಕೆ ಮೂಲೆ ಸೇರುತ್ತದೆ. ಹಾಗಾಗಿ ಕುಶಲೋಪರಿ, ಮದುವೆ, ಜಾತ್ರೆಗಳಿಗೆ ಇನ್ನೊಂದು ಗ್ರೂಪನ್ನು ಮಾಡಿ, ಬೇಕಾದವರು ಅದರಲ್ಲಿರಲಿ. ಸಂಕ್ರಮಣದ ಹೊತ್ತಿಗೆ ಸಿದ್ಧೇಶ್ವರ ಜಾತ್ರೆಯ ಫೋಟೋಗಳು ಅಲ್ಲಿ ಎಷ್ಟು ಬಂದರೂ ಸಂತೋಷವೇ. ವಾಟ್ಸ್‌ಆ್ಯಪ್‌ನಲ್ಲಿ 2022ರಿಂದ ಇರುವ ಕಮ್ಯುನಿಟಿ ವ್ಯವಸ್ಥೆಯಲ್ಲಿ ಇಂತಹ ಹಲವು ಗ್ರೂಪುಗಳನ್ನು ಒಂದೇ ಸೂರಿನಡಿ ಇಟ್ಟು, ಅಡ್ಮಿನ್‌ಗಳು ಮಾತ್ರ ಬರೆಯಬಹುದಾದ ಪ್ರಕಟಣೆಯ ಗ್ರೂಪನ್ನೂ ನಡೆಸಬಹುದು. ಅದರಲ್ಲಿ ದಿನಕ್ಕೆ ಒಂದೇ ಸಂದೇಶ ಬಂದರೂ ಎಲ್ಲರೂ ಓದುತ್ತಾರೆ, ಏಕೆಂದರೆ ಅದು ಒಂದೇ ಇರುತ್ತದೆ.

ಪುಣೆಯ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರ ಹವಾಮಾನವನ್ನು ಆಧರಿಸಿ ಹೊರಡಿಸುವ ವಾರದ ಸಲಹೆ, ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯದ ತಿಡಗುಂದಿ ಕೇಂದ್ರದ ಮಾಹಿತಿ, ಕೃಷಿ ವಿಜ್ಞಾನ ಕೇಂದ್ರಗಳ ಎಚ್ಚರಿಕೆ ಇವುಗಳಿಗೆ, ಸಂದೇಶ ಗ್ರೂಪಿನ ತುದಿಯಲ್ಲಿಯೇ ಕಾಣುವಂತೆ ಪಿನ್ ಮಾಡುವ ಸೌಲಭ್ಯವನ್ನು ಮೀಸಲಿಡಬೇಕು. ಒಂದು ಗ್ರೂಪಿನಲ್ಲಿ ಮೂರು ಸಂದೇಶಗಳನ್ನು 24 ತಾಸು, 7 ದಿನ ಅಥವಾ 30 ದಿನಗಳವರೆಗೆ ಪಿನ್ ಮಾಡಿಡಬಹುದು. ಯಾವ ದಿನ ಸಭೆ ಸೇರಬೇಕು, ಔಷಧವನ್ನು ಒಟ್ಟಾಗಿ ಕೊಳ್ಳಬೇಕೆ ಎಂಬಂತಹ ವಿಷಯಗಳಿಗೆ ಪೋಲ್ (ಆಯ್ಕೆ ಒತ್ತಿ ಮತ ತಿಳಿಸುವ ಸೌಲಭ್ಯ) ಬಳಸಿರಿ. ಐವತ್ತು "ನಂದೂ ಹೌದ್ರಿ"ಗಳ ಬದಲು ಒಂದೇ ಜಾಗದಲ್ಲಿ ಲೆಕ್ಕ ಸಿಗುತ್ತದೆ.

ಅಡ್ಮಿನ್‌ಗಳು ಒಬ್ಬರಿಗಿಂತ ಹೆಚ್ಚಿರಬೇಕು, ಬೇರೆ ಬೇರೆ ಊರಿನವರಿರಬೇಕು, ಒಂದೇ ಪಕ್ಷದ ಒಲವಿನವರೇ ಆಗಿರಬಾರದು. ಅವರಲ್ಲಿ ಒಬ್ಬ ಹೆಣ್ಣುಮಗಳಿದ್ದರೆ ಗ್ರೂಪಿನ ಭಾಷೆ ತಾನಾಗಿಯೇ ಹದಕ್ಕೆ ಬರುವುದನ್ನು ನೋಡಿದ್ದೇನೆ. ಒಣದ್ರಾಕ್ಷಿ ಶೆಡ್ಡಿನಲ್ಲಿ ಕಾಯಿ ಆರಿಸಿ ವಿಂಗಡಿಸುವ ಕೆಲಸದಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳೇ ಆಗಿರುವಾಗ ಗ್ರೂಪಿನಲ್ಲಿ ಅವರಿಲ್ಲದಿರುವುದು ದೊಡ್ಡ ಕೊರತೆಯೂ ಹೌದು.

ಮಾತಿಗೆ ಮಾತು ಬೆಳೆದಾಗ

ಎಷ್ಟು ಎಚ್ಚರ ವಹಿಸಿದರೂ ಒಮ್ಮೊಮ್ಮೆ ಜಗಳ ಏಳುತ್ತದೆ. ಆಗ ಅಡ್ಮಿನ್ ಮಾಡಬಾರದ ಕೆಲಸವೆಂದರೆ ಗ್ರೂಪಿನಲ್ಲಿಯೇ ನ್ಯಾಯ ಹೇಳಲು ಹೊರಡುವುದು. ನೂರಾರು ಜನರ ಎದುರು ಬೈಸಿಕೊಂಡವರು ತಮ್ಮ ಮಾನ ಉಳಿಸಿಕೊಳ್ಳಲು ಇನ್ನೂ ಗಟ್ಟಿಯಾಗಿ ಬರೆಯುತ್ತಾರೆ, ಅವರ ಕಡೆಯವರು ಕೂಡಿಕೊಳ್ಳುತ್ತಾರೆ. ಅದರ ಬದಲು ಸೆಟ್ಟಿಂಗ್ಸ್‌ನಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಕಳಿಸಬಹುದೆಂಬ ಆಯ್ಕೆಯನ್ನು ಒತ್ತಿ, "ಒಂದು ತಾಸು ಗ್ರೂಪು ಬಂದ್ ಇರುತ್ತದೆ, ತುರ್ತು ಇದ್ದವರು ನನಗೆ ಫೋನ್ ಮಾಡಿರಿ" ಎಂದು ಯಾರ ಹೆಸರನ್ನೂ ಎತ್ತದೆ ಬರೆಯಬೇಕು. ಆ ಒಂದು ತಾಸಿನಲ್ಲಿ ಇಬ್ಬರಿಗೂ ಬೇರೆ ಬೇರೆಯಾಗಿ ಫೋನ್ ಮಾಡಬೇಕು. ಬರೆದು ಕಳಿಸಬಾರದು, ಫೋನೇ ಮಾಡಬೇಕು.

ಇದಕ್ಕೆ ನಮ್ಮ ಭಾಗದಲ್ಲಿ ಒಂದು ವಿಶೇಷ ಕಾರಣವೂ ಇದೆ. ನಾವು ಎದುರಾಬದುರು ಕುಳಿತಾಗ ಸಲಿಗೆಯಿಂದ ಏಕವಚನದಲ್ಲಿ ಕರೆಯುತ್ತೇವೆ, ಜೋರಾಗಿ ಮಾತಾಡುತ್ತೇವೆ, ಬೈಗುಳವನ್ನೂ ಪ್ರೀತಿಯಿಂದ ಬಳಸುತ್ತೇವೆ. ಮುಖದ ನಗು ಅದರ ಖಾರವನ್ನು ತಗ್ಗಿಸುತ್ತದೆ. ಅದೇ ಮಾತು ಅಕ್ಷರಕ್ಕೆ ಇಳಿದಾಗ ನಗು ಹಿಂದೆಯೇ ಉಳಿದು ಖಾರ ಮಾತ್ರ ತಲುಪುತ್ತದೆ. ಗ್ರೂಪಿನಲ್ಲಿರುವ ಎಲ್ಲರೂ ಪರಿಚಿತರಲ್ಲ, ಅಥಣಿ, ಜಮಖಂಡಿ ಕಡೆಯವರೂ ಇರುತ್ತಾರೆ, ವಯಸ್ಸು ತಿಳಿಯುವುದಿಲ್ಲ. ಆದ್ದರಿಂದ ಗ್ರೂಪಿನಲ್ಲಿ ಚಿಕ್ಕವರಿಗೂ ಬಹುವಚನ ಬಳಸುವ, ಹೆಸರಿನ ಜೊತೆಗೆ ಅಣ್ಣಾರ, ಅಕ್ಕಾರ, ಕಾಕಾರ ಎಂದು ಸೇರಿಸುವ ಪದ್ಧತಿಯನ್ನು ಮೊದಲ ದಿನದಿಂದಲೇ ಅಡ್ಮಿನ್‌ಗಳು ತಾವೇ ಪಾಲಿಸಿ ತೋರಿಸಬೇಕು. ಕಾಕಾರ ಎಂದು ಆರಂಭಿಸಿದ ವಾಕ್ಯವನ್ನು ಬೈಗುಳದಲ್ಲಿ ಮುಗಿಸುವುದು ಸುಲಭವಲ್ಲ.

ಫೋನ್ ಮಾಡಿದಾಗ ತಪ್ಪು ಯಾರದೆಂಬ ವಿಚಾರಣೆ ಬೇಡ. ಸಿಟ್ಟಿಗೆ ಕಾರಣವಾದದ್ದೇನೆಂದು ಕೇಳಿ, ಅವರು ಪೂರ್ತಿ ಹೇಳಿ ಮುಗಿಸುವ ತನಕ ನಡುವೆ ಮಾತಾಡದೆ ಕೇಳಿಸಿಕೊಳ್ಳಬೇಕು. ಔಷಧದ ಹೆಸರಿಗೆ ಸಿಡಿದವರು ಕಳೆದ ವರ್ಷ ಅದೇ ಬಗೆಯ ಸಲಹೆಯಿಂದ ಬೆಳೆ ಕಳೆದುಕೊಂಡವರಾಗಿರಬಹುದು, ಕಮಿಷನ್ ಮಾತಿಗೆ ನೊಂದವರು ನಿಜಕ್ಕೂ ಒಂದು ರೂಪಾಯಿ ಮುಟ್ಟದವರಾಗಿರಬಹುದು. ಆಮೇಲೆ ಕೇಳಬೇಕಾದದ್ದು ಒಂದೇ: "ಆ ಸಂದೇಶವನ್ನು ನೀವೇ ತೆಗೆಯುತ್ತೀರಾ?" ತಾವಾಗಿ ತೆಗೆದರೆ ಅವರ ಗೌರವ ಉಳಿಯುತ್ತದೆ. ಕಳಿಸಿದ ಸಂದೇಶವನ್ನು ಎಲ್ಲರ ಫೋನಿನಿಂದ ಅಳಿಸಲು ಎರಡು ದಿನಕ್ಕಿಂತ ಸ್ವಲ್ಪ ಹೆಚ್ಚು ಕಾಲಾವಕಾಶವಿದೆ; ತಿದ್ದುವುದಕ್ಕಾದರೆ 15 ನಿಮಿಷ ಮಾತ್ರ. ಅವರು ಒಪ್ಪದಿದ್ದರೆ ಅಡ್ಮಿನ್ ಅಳಿಸಬಹುದು, ಆದರೆ ಅಡ್ಮಿನ್ ಅಳಿಸಿದರೆಂದು ಅಲ್ಲಿ ಎಲ್ಲರಿಗೂ ಕಾಣುತ್ತದೆ ಎಂಬುದು ನೆನಪಿರಲಿ.

ಗ್ರೂಪಿನಿಂದ ತೆಗೆದುಹಾಕುವುದು ಕೊನೆಯ ಉಪಾಯ. ಎರಡು ಬಾರಿ ಖಾಸಗಿಯಾಗಿ ಹೇಳಿದ ಮೇಲೂ ಒಬ್ಬರ ಕುಟುಂಬ, ಜಾತಿ ಅಥವಾ ಹೆಣ್ಣುಮಕ್ಕಳ ಬಗ್ಗೆ ಕೀಳಾಗಿ ಬರೆಯುವವರನ್ನು ತೆಗೆಯಲೇಬೇಕು; ಅಲ್ಲಿ ದಾಕ್ಷಿಣ್ಯ ತೋರಿದರೆ ಒಳ್ಳೆಯವರು ಒಬ್ಬೊಬ್ಬರಾಗಿ ತಾವೇ ಹೊರಹೋಗುತ್ತಾರೆ. ಬೇರೆ ತಪ್ಪುಗಳಿಗೆ ತೆಗೆದವರನ್ನು ಮಾತ್ರ ಹದಿನೈದು ದಿನ ಬಿಟ್ಟು, ಫೋನ್ ಮಾಡಿ, ಮರಳಿ ಸೇರಿಸಿಕೊಳ್ಳುವುದು ಲೇಸು.

ಸುಮ್ಮನೆ ನೋಡುತ್ತಿರುವ ಸದಸ್ಯರಿಗೂ ಇಲ್ಲಿ ಕೆಲಸವಿದೆ. ಜಗಳದ ಸಂದೇಶಕ್ಕೆ ನಗುವ ಗುರುತು ಅಂಟಿಸುವುದು, ಅದರ ಸ್ಕ್ರೀನ್‌ಶಾಟನ್ನು ಬೇರೆ ಗ್ರೂಪಿಗೆ ಹಾಕುವುದು ಎರಡೂ ಬೆಂಕಿಗೆ ತುಪ್ಪ ಸುರಿಯುವ ಕೆಲಸಗಳು.

ಫಾರ್ವರ್ಡ್, ವದಂತಿ ಮತ್ತು ಕಾನೂನು

ಎರಡು ಬಾಣದ ಗುರುತಿರುವ ಸಂದೇಶವೆಂದರೆ ಅದು ಕನಿಷ್ಠ ಐದು ಕೈ ದಾಟಿ ಬಂದದ್ದು. ಅಂತಹದನ್ನು 2020ರಿಂದ ಈಚೆಗೆ ಒಂದು ಸಲಕ್ಕೆ ಒಂದೇ ಕಡೆ ಕಳಿಸಲು ಸಾಧ್ಯ. ಬೆಳೆಗಾರರ ಗ್ರೂಪಿನಲ್ಲಿ ಆ ಗುರುತಿನ ಸಂದೇಶಗಳನ್ನು ಹಾಕಬಾರದೆಂದೇ ನಿಯಮ ಮಾಡಿದರೆ ಅರ್ಧ ರಾಶಿ ಕರಗುತ್ತದೆ. ಒಣದ್ರಾಕ್ಷಿ ದರ ಕುಸಿಯಿತು, ಏರಿತು ಎಂಬ ಸುದ್ದಿಗಳಿಗೆ ವಿಜಯಪುರದ ಎಪಿಎಂಸಿ ಇಲ್ಲವೆ ಮಹಾರಾಷ್ಟ್ರದ ತಾಸಗಾಂವ, ಸಾಂಗಲಿ ಪೇಟೆಯ ಆ ದಿನದ ಪಟ್ಟಿಯ ಫೋಟೋ, ತಾರೀಖು ಕಾಣುವಂತೆ, ಜೊತೆಗಿರಬೇಕು. ತಾರೀಖಿಲ್ಲದ ದರವನ್ನು ನಂಬಿ ಅವಸರದಲ್ಲಿ ಮಾಲು ಮಾರಿದವರ ಸಿಟ್ಟು ಮುಂದಿನ ಹಂಗಾಮಿನವರೆಗೂ ಆರುವುದಿಲ್ಲ.

ಚುನಾವಣೆ, ಧರ್ಮ, ಗಡಿಯ ವಿಷಯಗಳನ್ನು ಬೇಸಾಯದ ಗ್ರೂಪಿನಿಂದ ಪೂರ್ತಿ ಹೊರಗಿಡಬೇಕು. ಬೆಳಗಾವಿ, ವಿಜಯಪುರ ಜಿಲ್ಲೆಗಳ ದ್ರಾಕ್ಷಿ ಗ್ರೂಪುಗಳಲ್ಲಿ ಸಾಂಗಲಿ, ಸೊಲ್ಲಾಪುರ ಕಡೆಯ ಬೆಳೆಗಾರರೂ ಇರುತ್ತಾರೆ, ಅವರ ಅನುಭವ ನಮಗೆ ಬೇಕು. ಮರಾಠಿಯಲ್ಲಿ ಕೇಳಿದ ಪ್ರಶ್ನೆಗೆ ಬಲ್ಲವರು ಕನ್ನಡದಲ್ಲಿ ಸಾರ ಹೇಳಿ ಉತ್ತರಿಸಿದರೆ ಇಬ್ಬರಿಗೂ ಅನುಕೂಲ.

ಸದಸ್ಯರ ತಪ್ಪಿಗೆ ಅಡ್ಮಿನ್ ಜೈಲಿಗೆ ಹೋಗಬೇಕಾಗುತ್ತದೆಂಬ ಭಯದಿಂದ ಅಡ್ಮಿನ್ ಆಗಲು ಹಿಂಜರಿಯುವವರಿದ್ದಾರೆ. ಬಾಂಬೆ ಹೈಕೋರ್ಟಿನ ನಾಗಪುರ ಪೀಠ 2021ರಲ್ಲಿಯೂ ಕೇರಳ ಹೈಕೋರ್ಟ್ 2022ರಲ್ಲಿಯೂ, ಬೇರೊಬ್ಬ ಸದಸ್ಯರು ಹಾಕಿದ ಸಂದೇಶಕ್ಕೆ ಅಡ್ಮಿನ್ ಎಂಬ ಒಂದೇ ಕಾರಣದಿಂದ ಯಾರನ್ನೂ ಹೊಣೆ ಮಾಡಲಾಗದೆಂದು ಹೇಳಿವೆ. ಅಡ್ಮಿನ್ ಆ ಕೃತ್ಯದಲ್ಲಿ ಕೈಜೋಡಿಸಿದ್ದರೆ ಮಾತು ಬೇರೆ. ಸಂದೇಶ ಹಾಕಿದವರ ಮತ್ತು ಅದನ್ನು ಮುಂದೆ ಕಳಿಸಿದವರ ಹೊಣೆ ಮಾತ್ರ ಹಾಗೆಯೇ ಇದೆ: 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಗುಂಪುಗಳ ನಡುವೆ ದ್ವೇಷ ಹುಟ್ಟಿಸುವುದಕ್ಕೆ 196ನೆಯ ಕಲಂ, ಸುಳ್ಳು ಸುದ್ದಿ, ವದಂತಿ ಹಬ್ಬಿಸುವುದಕ್ಕೆ 353ನೆಯ ಕಲಂ ಇವೆ.

ಸರ್ಕಾರದ ಯೋಜನೆಯ ಹೆಸರು ಹೇಳಿಕೊಂಡು ಬರುವ ಎಪಿಕೆ ಫೈಲುಗಳ (ಫೋನಿಗೆ ಹೊಸ ಆ್ಯಪ್ ಹಾಕುವ ಫೈಲುಗಳ) ವಿಷಯದಲ್ಲಿ ಚರ್ಚೆಗೆ ಅವಕಾಶವೇ ಇಲ್ಲ. ಅವುಗಳನ್ನು ತೆರೆದರೆ ಬ್ಯಾಂಕಿನ ಹಣಕ್ಕೆ ಕುತ್ತು. ಪರಿಚಿತರ ನಂಬರಿನಿಂದ ಬಂದರೂ ಅಡ್ಮಿನ್ ಕೂಡಲೇ ಅಳಿಸಬೇಕು, ಆ ಸದಸ್ಯರಿಗೆ ಫೋನ್ ಮಾಡಿ ಅವರ ಫೋನು ಬೇರೆಯವರ ಕೈಗೆ ಸಿಕ್ಕಿದೆಯೇ ವಿಚಾರಿಸಬೇಕು. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಹಂಗಾಮು ಮುಗಿದ ಮೇಲೆ

ಕಾಯಿ ಕೊಯ್ದು, ಶೆಡ್ಡಿನಲ್ಲಿ ಒಣಗಿಸಿ, ಮಾಲು ಕೋಲ್ಡ್ ಸ್ಟೋರೇಜ್ ಸೇರಿದ ಮೇಲೆ, ಏಪ್ರಿಲ್ ಚಾಟ್ನಿಗೆ ಮೊದಲು ಸಿಗುವ ಬಿಡುವಿನಲ್ಲಿ ಅಡ್ಮಿನ್‌ಗಳು ಒಂದು ದಿನ ಎಲ್ಲಾದರೂ ಕೂಡಬೇಕು. ವರ್ಷವಿಡೀ ಬಂದ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಬಂದವುಗಳನ್ನು ಹುಡುಕಿ ತೆಗೆದು, ಅವುಗಳ ಸರಿಯಾದ ಉತ್ತರಗಳನ್ನು ಕೃಷಿ ವಿಜ್ಞಾನ ಕೇಂದ್ರದವರಿಗೆ ತೋರಿಸಿ ತಿದ್ದಿಸಿಕೊಂಡು, ಎರಡು ಮೂರು ಪುಟದ ಪಿಡಿಎಫ್ ಮಾಡಬೇಕು. ಡೌನಿಗೆ ಒಂದು ಪುಟ, ಬೂದಿಗೆ ಒಂದು, ಅಕಾಲಿಕ ಮಳೆಯಿಂದ ಶೆಡ್ಡಿನಲ್ಲಿರುವ ಮಾಲನ್ನು ಕಾಪಾಡುವುದಕ್ಕೆ ಒಂದು. ಪ್ರತಿ ಪುಟದಲ್ಲಿಯೂ ಗ್ರೂಪಿಗೆ ಬಂದ ಫೋಟೋಗಳನ್ನೇ, ಹಾಕಿದವರ ಒಪ್ಪಿಗೆ ಪಡೆದು, ಎಲೆಯ ಎರಡೂ ಬದಿ ಕಾಣುವಂತೆ ಸೇರಿಸಬೇಕು.

ಅದೇ ದಿನ ಸದಸ್ಯರ ಪಟ್ಟಿಯನ್ನೂ ನೋಡಿರಿ. ದ್ರಾಕ್ಷಿ ತೆಗೆದು ಕಬ್ಬು, ನಿಂಬೆಗೆ ಹೋದವರನ್ನು ಫೋನ್ ಮಾಡಿ ಕೇಳಿ, ಅವರು ಬಯಸಿದರೆ ಕಳಿಸಿಕೊಡಿ. ಹೊಸದಾಗಿ ಪಡ ಕಟ್ಟಿದವರನ್ನು ಸೇರಿಸುವಾಗ ಮೊದಲ ಸಂದೇಶವಾಗಿ ಆ ಪಿಡಿಎಫ್ ಮತ್ತು ಪ್ರಶ್ನೆ ಕೇಳುವ ಕ್ರಮವನ್ನು ಖಾಸಗಿಯಾಗಿ ಕಳಿಸಿರಿ. ಅಕ್ಟೋಬರ್ ಚಾಟ್ನಿಯ ಹಿಂದಿನ ವಾರ ಅದನ್ನೇ ಗ್ರೂಪಿನಲ್ಲಿ 30 ದಿನಗಳ ಮಟ್ಟಿಗೆ ಪಿನ್ ಮಾಡಿ, ಮೋಡದ ದಿನಗಳಲ್ಲಿ ಯಾವ ಅಡ್ಮಿನ್ ಯಾವ ಹೊತ್ತಿನಲ್ಲಿ ಗ್ರೂಪು ನೋಡಿಕೊಳ್ಳಬೇಕೆಂಬ ಪಾಳಿಯನ್ನು ಕೆಳಗೆ ಬರೆಯಿರಿ.